ಕತ್ತಲಲ್ಲಿ ಚುರುಕಾದ ಕಣ್ಣು, ಬದಲಾಗುತ್ತಿದೆ ಅನಿಸುವ ಮೈ

ಪ್ರಶ್ನೆ: ನನಗೆ ಇಪ್ಪತ್ತೆರಡು ವರ್ಷ. ಮೂರ್ನಾಲ್ಕು ತಿಂಗಳಿಂದ ರಾತ್ರಿ ಹೊತ್ತು ಕಣ್ಣು ವಿಪರೀತ ಚುರುಕಾಗಿದೆ. ದೀಪ ಆರಿಸಿದ ಕೋಣೆಯಲ್ಲೂ ಎಲ್ಲ ಕಾಣುತ್ತದೆ. ಮೂಲೆಯಲ್ಲಿ ಏನಾದರೂ ಅಲುಗಿದರೆ ತಕ್ಷಣ ಗೊತ್ತಾಗುತ್ತದೆ. ಹಗಲ ಬೆಳಕು ಮಾತ್ರ ಚುಚ್ಚುತ್ತದೆ, ಹಾಗಾಗಿ ದಿನವಿಡೀ ಪರದೆ ಎಳೆದುಕೊಂಡೇ ಇರುತ್ತೇನೆ. ನಿದ್ದೆ ಮೂರು ಗಂಟೆ ಬಂದರೆ ಜಾಸ್ತಿ. ಈಚೆಗೆ ಕೋರೆಹಲ್ಲು ಉದ್ದವಾಗಿದೆ ಅನಿಸುತ್ತಿದೆ. ಬೆನ್ನಿನ ಮೂಳೆ ಒಳಗೊಳಗೇ ಜರುಗಿದ ಹಾಗಾಗುತ್ತದೆ. ರಾತ್ರಿ ಕನ್ನಡಿ ನೋಡಿದರೆ ಮುಖ ನನ್ನದಲ್ಲ. ಫೋಟೋದಲ್ಲಿ ಕಣ್ಣು ಹೊಳೆಯುತ್ತದೆ. ನನ್ನ ದೇಹ ಮನುಷ್ಯರದ್ದಲ್ಲದ ಇನ್ನೇನೋ ಆಗುತ್ತಿದೆ ಎಂದು ಹೆಚ್ಚುಕಡಿಮೆ ಖಾತ್ರಿಯಾಗಿದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ದಯವಿಟ್ಟು ಹುಚ್ಚು ಎನ್ನಬೇಡಿ. ಏನಾಗುತ್ತಿದೆ ಎಂದು ಹೇಳಿ.

ಉತ್ತರ: ಇಷ್ಟು ತಿಂಗಳು ಇದನ್ನು ಒಬ್ಬರೇ ಹೊತ್ತುಕೊಂಡು ತಿರುಗಿದ್ದೀರಿ. ಎಷ್ಟು ದಣಿದಿರಬೇಕು ಎಂದು ಊಹಿಸಬಲ್ಲೆ. ಬರೆದದ್ದು ಒಳ್ಳೆಯದಾಯಿತು.

ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ. ನೀವು ಬರೆದದ್ದರಲ್ಲಿ ಸುಳ್ಳಿದೆ ಎಂದು ನನಗೆ ಅನಿಸುತ್ತಿಲ್ಲ. ಕತ್ತಲಲ್ಲಿ ಕಾಣುತ್ತದೆ ಎಂದರೆ ಕಾಣುತ್ತದೆ, ಬೆಳಕು ಚುಚ್ಚುತ್ತದೆ ಎಂದರೆ ಚುಚ್ಚುತ್ತದೆ. ಆದರೆ ನಿಮ್ಮ ದೇಹ ಬೇರೊಂದು ಜೀವಿಯಾಗಿ ಬದಲಾಗುತ್ತಿಲ್ಲ. ನಿಮಗೆ ಆಗುತ್ತಿರುವ ಅನುಭವ ಒಂದು, ಅದಕ್ಕೆ ನೀವು ಕಂಡುಕೊಂಡ ಕಾರಣ ಇನ್ನೊಂದು. ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡೋಣ. ನಾನು ಮನೋವೈದ್ಯ. ಆದರೂ ಮಾತು ಕಣ್ಣಿನಿಂದಲೇ ಶುರುವಾಗಬೇಕು, ಏಕೆಂದರೆ ನಿಮಗೂ ಇದು ಶುರುವಾದದ್ದು ಅಲ್ಲಿಂದಲೇ.

ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಎಂಬ ತೆಳುವಾದ ಪದರ ಇದೆ. ಅದರಲ್ಲಿ ಬೆಳಕನ್ನು ಹಿಡಿಯುವ ಕೋಶಗಳು ಎರಡು ಬಗೆ. ಕೋನ್ ಕೋಶಗಳು ಸುಮಾರು 60 ಲಕ್ಷ ಇರುತ್ತವೆ. ಬಣ್ಣ, ಸಣ್ಣ ಅಕ್ಷರ, ಹಗಲಿನ ನೋಟ ಇವೆಲ್ಲ ಅವುಗಳ ಕೆಲಸ. ರಾಡ್ ಕೋಶಗಳು ಹತ್ತಿರ ಹತ್ತಿರ ಹತ್ತು ಕೋಟಿ. ಅವು ಮಂದ ಬೆಳಕಿಗೆ. ಬೆಳಕಿನಿಂದ ಕತ್ತಲಿಗೆ ಬಂದಾಗ ಕೋನ್ ಕೋಶಗಳು ಹತ್ತು ನಿಮಿಷದೊಳಗೆ ತಮ್ಮಿಂದಾದಷ್ಟು ಹೊಂದಿಕೊಂಡು ನಿಲ್ಲುತ್ತವೆ. ರಾಡ್ ಕೋಶಗಳು ನಿಧಾನ. ಅವುಗಳಲ್ಲಿ ರೋಡಾಪ್ಸಿನ್ ಎಂಬ ವಸ್ತು ಇರುತ್ತದೆ. ಬೆಳಕು ಬಿದ್ದಾಗ ಅದು ಒಡೆಯುತ್ತದೆ, ಕತ್ತಲಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಪೂರ್ತಿ ಕೂಡಿಕೊಳ್ಳಲು ಮೂವತ್ತು ನಲವತ್ತು ನಿಮಿಷ ಬೇಕು. ಅಷ್ಟು ಹೊತ್ತಿಗೆ ಕಣ್ಣಿನ ಸೂಕ್ಷ್ಮತೆ ಹಗಲಿಗಿಂತ ಲಕ್ಷಪಟ್ಟು ಹೆಚ್ಚಿರುತ್ತದೆ. ಲಕ್ಷಪಟ್ಟು ಎಂದು ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಇದು ಅಳೆದು ಕಂಡ ಸಂಗತಿ, ಎಲ್ಲ ಆರೋಗ್ಯವಂತ ಕಣ್ಣುಗಳಲ್ಲೂ ಆಗುವಂಥದ್ದು.

ಆದರೆ ಇದು ಎಷ್ಟು ಜನಕ್ಕೆ ಗೊತ್ತಿದೆ ಹೇಳಿ. ಈಗ ಯಾರೂ ಅರ್ಧ ಗಂಟೆ ನಿಜವಾದ ಕತ್ತಲಲ್ಲಿ ಕೂರುವುದಿಲ್ಲ. ಮಧ್ಯೆ ಒಮ್ಮೆ ಫೋನ್ ನೋಡಿದರೂ ಅಲ್ಲಿಯವರೆಗೆ ಹೊಂದಿಕೊಂಡದ್ದರಲ್ಲಿ ತುಂಬಾ ಭಾಗ ಹೋಗಿಬಿಡುತ್ತದೆ. ನೀವು ಹಗಲೂ ಪರದೆ ಎಳೆದ ಕೋಣೆಯಲ್ಲಿ ಇರುತ್ತೀರಿ, ರಾತ್ರಿ ದೀಪ ಆರಿಸಿ ಎಚ್ಚರವಾಗಿರುತ್ತೀರಿ. ಎಲ್ಲರಿಗೂ ಇರುವ, ಆದರೆ ಬಹಳ ಜನ ಬಳಸದೇ ಬಿಟ್ಟಿರುವ ನೋಟ ನಿಮಗೆ ದಿನವೂ ಸಿಗುತ್ತಿದೆ. ಹೊಸದು ಅನಿಸುವುದು ಸಹಜ.

ಇನ್ನೊಂದು ವಿಷಯ ನನಗೆ ಯಾವಾಗಲೂ ಬೆರಗು ಹುಟ್ಟಿಸುತ್ತದೆ. 1942ರಲ್ಲಿ ಹೆಕ್ಟ್, ಶ್ಲೇರ್ ಮತ್ತು ಪಿರೇನ್ ಎಂಬ ಮೂವರು ವಿಜ್ಞಾನಿಗಳು ಮನುಷ್ಯನ ಕಣ್ಣಿಗೆ ಕಾಣಲು ಕನಿಷ್ಠ ಎಷ್ಟು ಬೆಳಕು ಬೇಕು ಎಂದು ಅಳೆದರು. ರಾಡ್ ಕೋಶಗಳು ಹೀರಿಕೊಂಡ ಬೆಳಕಿನ ಕಣಗಳು ಬೆರಳೆಣಿಕೆಯಷ್ಟಿದ್ದರೂ ನೋಡುವವರಿಗೆ ಮಿನುಗು ಕಂಡಿತ್ತು. ಅಂದರೆ ಒಂದು ರಾಡ್ ಕೋಶ ಬೆಳಕಿನ ಒಂದೇ ಕಣಕ್ಕೂ ಸ್ಪಂದಿಸುತ್ತದೆ. ಒಂದಕ್ಕಿಂತ ಕಡಿಮೆ ಕಣ ಎಂಬುದು ಇಲ್ಲ. ಹಾಗಾಗಿ ಬೆಕ್ಕಿನ ರಾಡ್ ಕೋಶವೂ ಇದಕ್ಕಿಂತ ಮುಂದೆ ಹೋಗಲಾರದು. ಬೆಕ್ಕಿಗೆ ನಮ್ಮ ಆರನೇ ಒಂದು ಪಾಲು ಬೆಳಕು ಸಾಕಾಗುತ್ತದೆ ಎನ್ನುತ್ತಾರಲ್ಲ, ಅದಕ್ಕೆ ಕಾರಣ ಕಣ್ಣಿನ ಕಟ್ಟಡ. ಅದರ ಪಾಪೆ ತುಂಬಾ ಅಗಲವಾಗಿ ತೆರೆದುಕೊಳ್ಳುತ್ತದೆ. ರೆಟಿನಾದ ಹಿಂದೆ ಟಪೀಟಮ್ ಎಂಬ ಹೊಳೆಯುವ ಪದರ ಇದೆ. ರೆಟಿನಾ ಹಿಡಿಯದೇ ಬಿಟ್ಟ ಬೆಳಕನ್ನು ಅದು ಮತ್ತೆ ರೆಟಿನಾ ಕಡೆಗೆ ಎಸೆಯುತ್ತದೆ. ಮನುಷ್ಯರಿಗೆ ಆ ಪದರ ಇಲ್ಲ. ಅದು ಎಳೆಯ ವಯಸ್ಸಿನಲ್ಲೇ ರೂಪುಗೊಳ್ಳಬೇಕಾದ ಪದರ, ದೊಡ್ಡವರಾದ ಮೇಲೆ ಬೆಳೆಯುವಂಥದ್ದಲ್ಲ. ದೊಡ್ಡವರ ರೆಟಿನಾದಲ್ಲಿ ಹೊಸ ರಾಡ್ ಕೋಶಗಳೂ ಹುಟ್ಟುವುದಿಲ್ಲ.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣ ಇದೆ. ನಿಮ್ಮ ಕಣ್ಣು ಬೇರೆ ಜೀವಿಯ ಕಣ್ಣಾಗುತ್ತಿದ್ದರೆ ಅದು ಬಚ್ಚಿಡಲಾಗದ ಬದಲಾವಣೆ. ಕಣ್ಣಿನ ವೈದ್ಯರು ಪಾಪೆ ಅಗಲಿಸುವ ಹನಿ ಹಾಕಿ, ಉಪಕರಣ ಹಿಡಿದು ಒಳಗೆ ನೋಡಿದರೆ ಕೆಲವೇ ನಿಮಿಷದಲ್ಲಿ ಕಂಡುಬಿಡುತ್ತದೆ. ಆದ್ದರಿಂದ ನನ್ನ ಮಾತನ್ನು ನಂಬಿ ಎಂದು ನಿಮ್ಮನ್ನು ಕೇಳಬೇಕಾಗಿಯೇ ಇಲ್ಲ. ನೋಡಿಸಿಕೊಳ್ಳಿ. ಕಂಡದ್ದನ್ನು ವಿವರಿಸಿ ಎಂದು ಅವರನ್ನೇ ಕೇಳಿ, ರೆಟಿನಾದ ಫೋಟೋ ತೋರಿಸಲು ಹೇಳಿ. ಕತ್ತಲಿಗೆ ಕಣ್ಣು ಹೊಂದಿಕೊಳ್ಳುವ ವೇಗವನ್ನು ಅಳೆಯುವ ಪರೀಕ್ಷೆ ಇದೆ. ರಾಡ್ ಮತ್ತು ಕೋನ್ ಕೋಶಗಳ ವಿದ್ಯುತ್ ಸ್ಪಂದನವನ್ನು ದಾಖಲಿಸುವ ಇಆರ್‌ಜಿ ಎಂಬುದೂ ಇದೆ. ಅವು ಎಲ್ಲ ಕಡೆ ಸಿಗುವುದಿಲ್ಲ, ಎಲ್ಲರಿಗೂ ಬೇಕಾಗುವುದೂ ಇಲ್ಲ. ಮೊದಲ ಪರೀಕ್ಷೆಯಲ್ಲಿ ವೈದ್ಯರಿಗೆ ಅಗತ್ಯ ಕಂಡರೆ ಅವರೇ ಹೇಳುತ್ತಾರೆ.

ಮನೆಯಲ್ಲೇ ಕತ್ತಲಲ್ಲಿ ಕೂತು ಪರೀಕ್ಷೆ ಮಾಡಿಕೊಳ್ಳುವುದು ನನಗೆ ಇಷ್ಟವಿಲ್ಲ. ಈಗಾಗಲೇ ನೀವು ಕಣ್ಣನ್ನು ಜಾಸ್ತಿ ಗಮನಿಸುತ್ತಿದ್ದೀರಿ. ಆದರೂ ನಿಮಗೇ ಗೊತ್ತಿರಬಹುದಾದ ಒಂದು ವಿಷಯ ಕೇಳುತ್ತೇನೆ. ಆ ಕತ್ತಲ ಕೋಣೆಯಲ್ಲಿ ಬಟ್ಟೆಯ ಬಣ್ಣ ಕೆಂಪೋ ಹಸಿರೋ ಹೇಳಬಲ್ಲಿರಾ? ಹೇಳಬಹುದು ಎಂದಾದರೆ ಕೋನ್ ಕೋಶಗಳಿಗೆ ಸಾಕಾಗುವಷ್ಟು ಬೆಳಕು ಎಲ್ಲಿಂದಲೋ ಬರುತ್ತಿದೆ, ಕೋಣೆ ನೀವು ಅಂದುಕೊಂಡಷ್ಟು ಕತ್ತಲಾಗಿಲ್ಲ. ಎಲ್ಲ ಬೂದು ಬೂದಾಗಿ ಕಾಣುತ್ತದೆ ಎಂದಾದರೆ ಅದು ರಾಡ್ ಕೋಶಗಳ ನೋಟ. ಮಂದ ಬೆಳಕಿನಲ್ಲಿ ಕೆಂಪು ಕಪ್ಪಾಗುವುದು, ನೀಲಿ ತುಸು ಬೆಳ್ಳಗೆ ಎದ್ದು ಕಾಣುವುದು ಕೂಡ ಮಾಮೂಲು. ಹತ್ತೊಂಬತ್ತನೇ ಶತಮಾನದಲ್ಲಿ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಇದನ್ನು ಗುರುತಿಸಿದರು, ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ.

ಮೂಲೆಯಲ್ಲಿ ಅಲುಗಿದ್ದು ಗೊತ್ತಾಗುತ್ತದೆ ಎಂದಿರಿ. ರೆಟಿನಾದ ನಟ್ಟನಡುವೆ ರಾಡ್ ಕೋಶಗಳೇ ಇಲ್ಲ. ಅವು ದಟ್ಟವಾಗಿರುವುದು ಸುತ್ತಲಿನ ಭಾಗದಲ್ಲಿ. ಅದಕ್ಕೇ ಕತ್ತಲಲ್ಲಿ ನೇರ ದಿಟ್ಟಿಸಿದ ವಸ್ತು ಮಾಯವಾಗುತ್ತದೆ, ಓರೆಗಣ್ಣಿಗೆ ಕಾಣುತ್ತದೆ. ಮಂಕಾದ ನಕ್ಷತ್ರ ನೋಡುವವರು ಬೇಕೆಂದೇ ಸ್ವಲ್ಪ ಪಕ್ಕಕ್ಕೆ ನೋಡುತ್ತಾರೆ. ಓರೆನೋಟ ಚಲನೆಗೂ ಸೂಕ್ಷ್ಮ. ಆದರೆ ಕತ್ತಲಲ್ಲಿ ಕಣ್ಣಿನಿಂದ ಬರುವ ಸುದ್ದಿ ಕಡಿಮೆ ಇರುವುದರಿಂದ ಮಿದುಳು ಊಹಿಸಿ ತುಂಬುತ್ತದೆ. ಕಗ್ಗತ್ತಲಲ್ಲಿ ಒಂದು ಚುಕ್ಕಿ ಬೆಳಕನ್ನು ನೋಡುತ್ತಾ ಕೂತರೆ ಅದು ತಾನೇ ಸರಿದಾಡಿದಂತೆ ಕಾಣುತ್ತದೆ. ಚುಕ್ಕಿ ಕದಲಿರುವುದಿಲ್ಲ. ಹಾಗಾಗಿ ನೀವು ಕಂಡ ಅಲುಗಾಟಗಳಲ್ಲಿ ಕೆಲವು ನಿಜ ಇರಬಹುದು, ಕೆಲವು ಊಹೆ ಇರಬಹುದು. ಯಾವುದು ಯಾವುದೆಂದು ಆ ಕ್ಷಣದಲ್ಲಿ ಯಾರಿಗೂ ತಿಳಿಯುವುದಿಲ್ಲ.

ಈಗ ಹಗಲ ಬೆಳಕಿನ ಮಾತು. ಕತ್ತಲಿಗೆ ಒಗ್ಗಿದ ಕಣ್ಣಿಗೆ ಬೆಳಕು ನೋವು ಕೊಡುತ್ತದೆ. ನೋವಾಗುತ್ತದೆ ಎಂದು ಪರದೆ ಎಳೆದರೆ ಕಣ್ಣು ಇನ್ನಷ್ಟು ಕತ್ತಲಿಗೆ ಒಗ್ಗುತ್ತದೆ, ಮಾರನೇ ದಿನ ನೋವು ಇನ್ನೂ ಜಾಸ್ತಿ. ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಳ್ಳುವವರಲ್ಲಿ ಕಣ್ಣಿನ ವೈದ್ಯರು ಇದನ್ನು ನೋಡುತ್ತಲೇ ಇರುತ್ತಾರೆ. ಕನ್ನಡಕ ತೆಗೆಸಿ ಬೆಳಕನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋದರೆ ಬಹಳ ಜನರಿಗೆ ಕಡಿಮೆಯಾಗುತ್ತದೆ. ಹಾಗೆಂದು ಬೆಳಕು ಚುಚ್ಚುವುದಕ್ಕೆ ಇದೊಂದೇ ಕಾರಣ ಎಂದು ತಿಳಿಯಬೇಡಿ. ಮೈಗ್ರೇನ್ ಇರುವವರಿಗೆ ತಲೆನೋವಿಲ್ಲದ ದಿನವೂ ಬೆಳಕು ಸಹಿಸದಿರಬಹುದು. ಕಣ್ಣು ಒಣಗುವುದು, ಕಣ್ಣೊಳಗಿನ ಉರಿಯೂತ, ಥೈರಾಯ್ಡ್‌ನಿಂದ ಬರುವ ಕಣ್ಣಿನ ತೊಂದರೆ ಇವೂ ಇವೆ.

ನೀವು ಹೇಳಿದ ಜೋಡಿ, ಅಂದರೆ ರಾತ್ರಿ ಚೆನ್ನಾಗಿ ಕಾಣುವುದು ಮತ್ತು ಹಗಲು ಚುಚ್ಚುವುದು, ಓದಿದ ಕೂಡಲೇ ನನಗೆ ಹೊಳೆದದ್ದು ಪಾಪೆಯ ಅಗಲ. ಪಾಪೆ ಸುಮಾರು 2 ಮಿಲಿಮೀಟರ್‌ನಿಂದ 8 ಮಿಲಿಮೀಟರ್‌ವರೆಗೆ ಹಿಗ್ಗಬಲ್ಲದು. ಅಂದರೆ ಒಳಗೆ ಬರುವ ಬೆಳಕು ಹದಿನಾರು ಪಟ್ಟು. ಹರೆಯದವರಲ್ಲಿ ಇದು ಚೆನ್ನಾಗಿ ಹಿಗ್ಗುತ್ತದೆ. ಭಯ, ಆತಂಕ ಇದ್ದಾಗಲೂ ಹಿಗ್ಗುತ್ತದೆ. ಅಲರ್ಜಿ ಮತ್ತು ನೆಗಡಿಯ ಕೆಲವು ಮಾತ್ರೆಗಳು, ಖಿನ್ನತೆಯ ಕೆಲವು ಔಷಧಿಗಳು, ಪ್ರಯಾಣದ ವಾಂತಿ ತಡೆಯುವ ಸ್ಕೋಪೋಲಮಿನ್, ಗಮನದ ಸಮಸ್ಯೆಗೆ ಕೊಡುವ ಚುರುಕು ಮಾತ್ರೆಗಳು ಇವೆಲ್ಲ ಪಾಪೆಯನ್ನು ಹಿಗ್ಗಿಸುತ್ತವೆ. ದತ್ತೂರಿ ಗಿಡದ ಯಾವುದೇ ಭಾಗ ದೇಹಕ್ಕೆ ಸೇರಿದರೆ ಪಾಪೆ ಹಿಗ್ಗುವುದರ ಜೊತೆಗೆ ಮನಸ್ಸು ಕದಡಿ, ಇಲ್ಲದ್ದು ಕಾಣತೊಡಗುತ್ತದೆ, ಜೀವಕ್ಕೂ ಅಪಾಯ. ಗಾಂಜಾ, ಎಲ್‌ಎಸ್‌ಡಿ, ಅಮಲಿನ ಅಣಬೆ ಇವುಗಳ ಬಳಿಕ ಕೆಲವರಿಗೆ ನೋಟದ ವ್ಯತ್ಯಾಸ ತಿಂಗಳುಗಟ್ಟಲೆ ಉಳಿಯುತ್ತದೆ. ನೀವು ಏನಾದರೂ ತೆಗೆದುಕೊಂಡಿದ್ದರೆ, ಅದು ಯಾರೋ ಕೊಟ್ಟ ಪುಡಿಯೇ ಆಗಿರಲಿ, ವೈದ್ಯರಿಗೆ ಮುಚ್ಚಿಡದೆ ಹೇಳಿ. ಅವರು ತೀರ್ಪು ಕೊಡಲು ಕೇಳುತ್ತಿರುವುದಿಲ್ಲ. ಕಾರಣ ಅಲ್ಲೇ ಇದ್ದರೆ ಬೇರೆ ಹತ್ತು ಪರೀಕ್ಷೆ ತಪ್ಪುತ್ತದೆ.

ರಾತ್ರಿ ನೋಟ ಹೆಚ್ಚಿಸಲು ವಿಟಮಿನ್ ಎ ಮಾತ್ರೆ ನುಂಗುತ್ತಿದ್ದರೆ ಇವತ್ತೇ ನಿಲ್ಲಿಸಿ. ಈ ವಿಟಮಿನ್ ಕೊರತೆಯಾದರೆ ಇರುಳುಗಣ್ಣು ಬರುತ್ತದೆ ಎಂಬುದು ನಿಜ. ರೋಡಾಪ್ಸಿನ್ ತಯಾರಾಗಲು ಅದು ಬೇಕೇ ಬೇಕು. ಇದನ್ನು ತೋರಿಸಿದ ವಿಜ್ಞಾನಿ ಜಾರ್ಜ್ ವಾಲ್ಡ್ ಅವರಿಗೆ 1967ರಲ್ಲಿ ನೊಬೆಲ್ ಬಂತು. ಆದರೆ ಸಾಕಷ್ಟು ಇರುವವರಿಗೆ ಇನ್ನಷ್ಟು ಕೊಟ್ಟರೆ ನೋಟ ಹೆಚ್ಚುವುದಿಲ್ಲ. ಯಕೃತ್ತಿಗೆ ಪೆಟ್ಟು ಬೀಳುತ್ತದೆ, ತಲೆಬುರುಡೆಯೊಳಗೆ ಒತ್ತಡ ಏರಿ ತಲೆನೋವು, ಮಂಜು ಮಂಜು ನೋಟ ಶುರುವಾಗಬಹುದು. ಕ್ಯಾರೆಟ್ ತಿಂದರೆ ಕತ್ತಲಲ್ಲಿ ಕಾಣುತ್ತದೆ ಎಂಬ ಮಾತು ಹರಡಿದ್ದರ ಹಿಂದೆ ಎರಡನೇ ಮಹಾಯುದ್ಧದ ಬ್ರಿಟಿಷ್ ಪ್ರಚಾರದ ಪಾಲು ದೊಡ್ಡದು. ರಾತ್ರಿ ಶತ್ರುವಿಮಾನ ಹೊಡೆಯುತ್ತಿದ್ದ ಪೈಲಟ್‌ಗಳು ಕ್ಯಾರೆಟ್ ತಿಂದು ಕಣ್ಣು ಚುರುಕು ಮಾಡಿಕೊಂಡಿದ್ದಾರೆ ಎಂದು ಹೇಳಿಕೊಂಡರು. ವಿಮಾನದಲ್ಲಿ ನಿಜಕ್ಕೂ ಇದ್ದದ್ದು ರೇಡಾರ್. ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಹೇಳಿ. ಅದು ವಿಟಮಿನ್ ಎ ಜಾತಿಯದ್ದೇ, ರಾತ್ರಿ ನೋಟವನ್ನು ಕುಗ್ಗಿಸಬಹುದು, ಕಣ್ಣು ಒಣಗಿಸಬಹುದು. ಕಣ್ಣಿಗೆ ಯಾವ ಹನಿಯನ್ನೂ ಸ್ವಂತವಾಗಿ ಹಾಕಿಕೊಳ್ಳಬೇಡಿ.

ಫೋಟೋದಲ್ಲಿ ಕಣ್ಣು ಹೊಳೆಯುವುದಕ್ಕೆ ಉತ್ತರ ಸುಲಭ. ಕತ್ತಲಲ್ಲಿ ಪಾಪೆ ಅಗಲವಾಗಿರುತ್ತದೆ. ಫ್ಲ್ಯಾಶ್ ಬೆಳಕು ಒಳಗೆ ಹೋಗಿ, ರಕ್ತನಾಳ ತುಂಬಿದ ಹಿಂಬದಿಗೆ ಬಡಿದು ವಾಪಸು ಬರುತ್ತದೆ, ಪಾಪೆ ಕೆಂಪಾಗಿ ಹೊಳೆಯುತ್ತದೆ. ಕತ್ತಲಲ್ಲಿ ಕೆಲಸ ಮಾಡುವ ಕಾವಲು ಕ್ಯಾಮರಾಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತವೆ, ಅವುಗಳಲ್ಲಿ ಎಲ್ಲರ ಕಣ್ಣೂ ಬೆಳ್ಳಗೆ ಹೊಳೆಯುತ್ತದೆ. ಪಕ್ಕದಲ್ಲಿ ನಿಂತವರ ಕಣ್ಣನ್ನೂ ಅದೇ ಚಿತ್ರದಲ್ಲಿ ನೋಡಿ. ಒಂದು ಎಚ್ಚರಿಕೆ ಮಾತ್ರ: ಮಾಮೂಲು ಫ್ಲ್ಯಾಶ್ ಫೋಟೋಗಳಲ್ಲಿ ಒಂದೇ ಕಣ್ಣು ಮತ್ತೆ ಮತ್ತೆ ಬೆಳ್ಳಗೆ ಬರುತ್ತಿದ್ದರೆ ಅದನ್ನು ವೈದ್ಯರಿಗೆ ತೋರಿಸಲೇಬೇಕು. ಚಿಕ್ಕ ಮಕ್ಕಳಲ್ಲಂತೂ ತಡ ಮಾಡಲೇಬಾರದು.

ಕನ್ನಡಿಯ ವಿಷಯ ನಿಮ್ಮನ್ನು ತುಂಬಾ ಹೆದರಿಸಿರಬೇಕು. ಇದರ ಬಗ್ಗೆ ಇಟಲಿಯ ಸಂಶೋಧಕ ಜಿಯೊವಾನಿ ಕಪೂಟೊ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಾನಸಿಕ ತೊಂದರೆ ಇಲ್ಲದ 50 ಜನರನ್ನು ಮಂದ ಬೆಳಕಿನ ಕೋಣೆಯಲ್ಲಿ ಕನ್ನಡಿ ಮುಂದೆ ಹತ್ತು ನಿಮಿಷ ಕೂರಿಸಿ, ತಮ್ಮ ಮುಖವನ್ನೇ ದಿಟ್ಟಿಸಲು ಹೇಳಿದರು. ಶೇಕಡಾ 66 ಜನರಿಗೆ ತಮ್ಮ ಮುಖ ವಿಪರೀತ ವಿಕಾರವಾದಂತೆ ಕಂಡಿತು. ಶೇಕಡಾ 48 ಜನರಿಗೆ ಭಯಾನಕ, ವಿಚಿತ್ರ ಆಕೃತಿ ಕಂಡಿತು. ಶೇಕಡಾ 18 ಜನರಿಗೆ ಬೆಕ್ಕು, ಹಂದಿ, ಸಿಂಹದಂಥ ಪ್ರಾಣಿಯ ಮುಖ ಕಂಡಿತು. ಒಂದನ್ನೇ ದಿಟ್ಟಿಸುತ್ತಿದ್ದರೆ ಸುತ್ತಲಿನ ಭಾಗ ಮಾಸಿಹೋಗುತ್ತದೆ, ಇದನ್ನು ಟ್ರಾಕ್ಸ್‌ಲರ್ ಎಂಬ ವೈದ್ಯರು 1804ರಲ್ಲೇ ಬರೆದಿದ್ದರು. ಹಾಗೆ ಮಾಸಿದ ಮೂಗು, ಬಾಯಿಯನ್ನು ಮಿದುಳು ತನಗೆ ತೋಚಿದಂತೆ ತುಂಬಿಕೊಳ್ಳುತ್ತದೆ. ನಿದ್ದೆಗೆಟ್ಟು, ಭಯದಲ್ಲಿ, ಕತ್ತಲ ಕೋಣೆಯಲ್ಲಿ ಕನ್ನಡಿ ಮುಂದೆ ನಿಂತರೆ ಯಾರಿಗಾದರೂ ಬೇರೆ ಮುಖ ಕಾಣಬಹುದು. ಇನ್ನು ಮುಂದೆ ರಾತ್ರಿ ಕನ್ನಡಿ ನೋಡಬೇಡಿ. ನೋಡಲೇಬೇಕೆನಿಸಿದರೆ ದೀಪ ಹಾಕಿ, ಒಂದು ಸಲ ನೋಡಿ, ಹೊರಗೆ ಬಂದುಬಿಡಿ.

ಬೆನ್ನುಮೂಳೆ ಜರುಗಿದಂತೆ ಅನಿಸುವುದನ್ನೂ ನಾನು ನಂಬುತ್ತೇನೆ. ನಮ್ಮ ಮೈ ಎಲ್ಲಿಂದ ಎಲ್ಲಿಯವರೆಗೆ, ಯಾವ ಆಕಾರ, ಎಷ್ಟು ದೊಡ್ಡದು ಎಂಬ ನಕ್ಷೆಯನ್ನು ಮಿದುಳು ಪ್ರತಿ ಕ್ಷಣ ಹೊಸದಾಗಿ ಬರೆಯುತ್ತಿರುತ್ತದೆ. ಆ ನಕ್ಷೆ ಎಷ್ಟು ಸುಲಭವಾಗಿ ಮೋಸ ಹೋಗುತ್ತದೆ ಗೊತ್ತೇ? 1998ರಲ್ಲಿ ಬಾಟ್ವಿನಿಕ್ ಮತ್ತು ಕೋಹೆನ್ ಎಂಬಿಬ್ಬರು ಒಂದು ಸರಳ ಪ್ರಯೋಗ ಮಾಡಿದರು. ಒಬ್ಬರ ನಿಜವಾದ ಕೈಯನ್ನು ಮರೆಯಲ್ಲಿಟ್ಟು, ಕಣ್ಣೆದುರು ರಬ್ಬರ್ ಕೈ ಇಟ್ಟರು. ಎರಡನ್ನೂ ಒಟ್ಟಿಗೇ ಕುಂಚದಿಂದ ಸವರಿದರು. ಸ್ವಲ್ಪ ಹೊತ್ತಿಗೆಲ್ಲ ಆ ರಬ್ಬರ್ ಕೈಯೇ ತನ್ನದು ಎಂದು ಜನರಿಗೆ ಅನಿಸತೊಡಗಿತು. ಆರೋಗ್ಯವಂತ ಮಿದುಳಿನಲ್ಲೇ ಹೀಗೆ. ಮೈಗ್ರೇನ್ ಇರುವ ಕೆಲವರಿಗೆ, ಸೋಂಕು ಜ್ವರ ಬಂದ ಕೆಲವು ಮಕ್ಕಳಿಗೆ ಕೈ ಉದ್ದವಾದಂತೆ, ತಲೆ ಉಬ್ಬಿದಂತೆ, ಕೋಣೆ ಚಿಕ್ಕದಾದಂತೆ ಅನಿಸುತ್ತದೆ. 1955ರಲ್ಲಿ ಬ್ರಿಟನ್ನಿನ ಮನೋವೈದ್ಯ ಜಾನ್ ಟಾಡ್ ಇದನ್ನು ವಿವರಿಸಿದರು, ಟಾಡ್ ಸಿಂಡ್ರೋಮ್ ಎಂದು ಕರೆಯುತ್ತಾರೆ. ಆತಂಕ ಹೆಚ್ಚಾದಾಗ ಮೈ ತನ್ನದಲ್ಲ, ದೂರದಿಂದ ನೋಡುತ್ತಿದ್ದೇನೆ ಅನಿಸುವುದು ಇನ್ನೂ ಸಾಮಾನ್ಯ. ಜೊತೆಗೆ ಗಮನ ಕೊಟ್ಟ ಕಡೆ ಸಂವೇದನೆ ಹುಟ್ಟುತ್ತದೆ. ಬೆರಳ ತುದಿಯ ಮೇಲೆ ಒಂದು ನಿಮಿಷ ಪೂರ್ತಿ ಗಮನ ಇಟ್ಟರೆ ಜುಮುಜುಮು, ಬಿಸಿ, ಮಿಡಿತ ಏನಾದರೂ ಶುರುವಾಗುತ್ತದೆ. ನೀವು ತಿಂಗಳುಗಟ್ಟಲೆ ಬೆನ್ನನ್ನೇ ಆಲಿಸುತ್ತಿದ್ದೀರಿ.

ಹಲ್ಲು ಉದ್ದವಾಗಿ ಕಾಣಲು ಬಹುತೇಕ ಕಾರಣ ವಸಡು ಹಿಂದೆ ಸರಿಯುವುದು. ಜೋರಾಗಿ ಉಜ್ಜುವವರಲ್ಲಿ, ನಿದ್ದೆಯಲ್ಲಿ ಹಲ್ಲು ಕಡಿಯುವವರಲ್ಲಿ, ವಸಡಿನ ರೋಗ ಇರುವವರಲ್ಲಿ ಕೋರೆಹಲ್ಲೇ ಮೊದಲು ಎದ್ದು ಕಾಣಬಹುದು. ದಂತವೈದ್ಯರು ಅಳೆದು ಹೇಳುತ್ತಾರೆ. ದಯವಿಟ್ಟು ಅರದಿಂದ ಉಜ್ಜಿಕೊಳ್ಳುವ ಯೋಚನೆ ಮಾಡಬೇಡಿ.

ದೇಹದ ಆಕಾರ ನಿಜಕ್ಕೂ ಬದಲಾಗುವ ಒಂದು ಕಾಯಿಲೆ ಇದೆ, ಅಕ್ರೊಮೆಗಲಿ. ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯಲ್ಲಿ ಗಂಟಾಗಿ ಬೆಳವಣಿಗೆಯ ಹಾರ್ಮೋನ್ ಹೆಚ್ಚಾದಾಗ ಬರುತ್ತದೆ. ಕೈ, ಪಾದ, ದವಡೆ ದಪ್ಪವಾಗುತ್ತವೆ. ಉಂಗುರ ಬಿಗಿಯಾಗುತ್ತದೆ, ಚಪ್ಪಲಿಯ ಅಳತೆ ಏರುತ್ತದೆ, ಹಲ್ಲುಗಳ ನಡುವೆ ಸಂದು ಬೀಳುತ್ತದೆ. ಗಂಟು ಕಣ್ಣಿನ ನರಕ್ಕೆ ಒತ್ತಿದರೆ ಎರಡೂ ಪಕ್ಕದ ನೋಟ ಕುಗ್ಗುತ್ತದೆ. ಅದು ಅಪರೂಪ, ವರ್ಷಗಟ್ಟಲೆ ನಿಧಾನವಾಗಿ ಆಗುವಂಥದ್ದು. ನೀವು ಹೇಳಿದ್ದು ಅದನ್ನು ಹೋಲುವುದಿಲ್ಲ. ಥೈರಾಯ್ಡ್ ಹೆಚ್ಚಾಗಿದ್ದರೆ ನಿದ್ದೆಗೇಡು, ನಡುಕ, ಎದೆಬಡಿತ, ಕಣ್ಣಿನ ತೊಂದರೆ, ಮನಸ್ಸಿನ ತಳಮಳ ಎಲ್ಲ ಒಟ್ಟಿಗೆ ಬರಬಹುದು. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಅದನ್ನು ತಪ್ಪದೆ ಮಾಡಿಸಿ. ಮಿದುಳಿನ ಟೆಂಪೊರಲ್ ಭಾಗದ ಮೂರ್ಛೆರೋಗ, ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿಗೆ ತಿರುಗಿಬೀಳುವ ಬಗೆಯ ಎನ್ಸೆಫಲೈಟಿಸ್ (ಮಿದುಳಿನ ಉರಿಯೂತ) ಇವನ್ನೂ ವೈದ್ಯರು ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ.

ಇನ್ನು ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಇದನ್ನು ಮೆತ್ತಗೆ ಮಾಡಿ ಹೇಳಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ.

ಹದಿಹರೆಯದ ಕೊನೆಯಿಂದ ಮೂವತ್ತರವರೆಗಿನ ವಯಸ್ಸು ಸೈಕೋಸಿಸ್ ಎಂಬ, ನಿಜ ಯಾವುದು ಮನಸ್ಸಿನ ಕಲ್ಪನೆ ಯಾವುದು ಎಂದು ತಿಳಿಯದಂತಾಗುವ ಸ್ಥಿತಿ ಮೊದಲ ಸಲ ಕಾಣಿಸಿಕೊಳ್ಳುವ ಕಾಲ. ಅದು ಧ್ವನಿ ಕೇಳುವುದರಿಂದಲೇ ಶುರುವಾಗುತ್ತದೆ ಎಂದು ಜನ ತಿಳಿದಿದ್ದಾರೆ. ಎಷ್ಟೋ ಸಲ ಶುರುವಾಗುವುದು ಇಂದ್ರಿಯಗಳು ಚುರುಕಾಗುವುದರಿಂದ. ಬೆಳಕು ಹೆಚ್ಚು ಪ್ರಖರ, ಬಣ್ಣ ಹೆಚ್ಚು ಗಾಢ, ಸಣ್ಣ ಸದ್ದೂ ಹತ್ತಿರ. ಏನೋ ಆಗಲಿದೆ ಎಂಬ ತಳಮಳ ವಾರಗಟ್ಟಲೆ ಇರುತ್ತದೆ. ಆಮೇಲೆ ಒಂದು ದಿನ ಎಲ್ಲಕ್ಕೂ ಒಂದೇ ಕಾರಣ ಹೊಳೆಯುತ್ತದೆ, ಬಿಡಿಬಿಡಿಯಾಗಿದ್ದದ್ದೆಲ್ಲ ತಟಕ್ಕನೆ ಜೋಡಣೆಯಾಗುತ್ತದೆ. ಜರ್ಮನಿಯ ಮನೋವೈದ್ಯ ಕ್ಲಾಸ್ ಕೊನ್ರಾಡ್ 1958ರಲ್ಲೇ ಈ ಹಂತಗಳನ್ನು ಬಿಡಿಸಿ ಬರೆದರು. 2003ರಲ್ಲಿ ಮನೋವೈದ್ಯ ಶಿತಿಜ್ ಕಪೂರ್ ಇದಕ್ಕೆ ಮಿದುಳಿನ ಕಡೆಯಿಂದ ಒಂದು ವಿವರಣೆ ಕೊಟ್ಟರು. ಯಾವುದು ಮುಖ್ಯ, ಯಾವುದನ್ನು ಗಮನಿಸಬೇಕು ಎಂದು ಗುರುತು ಹಾಕುವುದರಲ್ಲಿ ಮಿದುಳಿನ ರಾಸಾಯನಿಕವಾದ ಡೋಪಮಿನ್‌ನ ಪಾತ್ರ ಇದೆ. ಅದು ಹದ ತಪ್ಪಿದರೆ ಮಾಮೂಲು ಸಂಗತಿಗಳೂ ಅರ್ಥಗರ್ಭಿತವಾಗಿ ಕಾಣುತ್ತವೆ. ಆ ಭಾರವನ್ನು ತಡೆಯಲಾಗದೆ ಮನಸ್ಸು ವಿವರಣೆ ಹುಡುಕುತ್ತದೆ. ವಿವರಣೆ ಸಿಕ್ಕಾಗ ಸಮಾಧಾನವೂ ಆಗುತ್ತದೆ. ಅದಕ್ಕೇ ಅದನ್ನು ಬಿಡುವುದು ಅಷ್ಟು ಕಷ್ಟ.

ನಿಮಗೆ ಸೈಕೋಸಿಸ್ ಇದೆ ಎಂದು ನಾನು ಹೇಳುತ್ತಿಲ್ಲ. ಪತ್ರ ಓದಿ ಯಾರೂ ಹಾಗೆ ಹೇಳಬಾರದು. ನಿದ್ದೆಗೇಡು ಒಂದೇ ಸಾಕು ಎಷ್ಟೋ ಸಲ. ಎರಡು ದಿನ ಪೂರ್ತಿ ನಿದ್ದೆ ಇಲ್ಲದವರಿಗೆ ಆಕಾರಗಳು ಬದಲಾದಂತೆ ಕಾಣುವುದು, ಇಲ್ಲದ್ದು ಕಾಣುವುದು ಶುರುವಾಗುತ್ತದೆ. ನೀವು ತಿಂಗಳುಗಳಿಂದ ಮೂರು ಗಂಟೆ ಮಲಗುತ್ತಿದ್ದೀರಿ. ಆದರೆ ಕಡಿಮೆ ನಿದ್ದೆಯಲ್ಲೂ ದಣಿವೇ ಇಲ್ಲ, ತಲೆತುಂಬ ಯೋಚನೆ ಓಡುತ್ತಿದೆ, ವಿಶೇಷ ಶಕ್ತಿ ಬಂದಂತಿದೆ ಎಂದಾದರೆ ಅದು ಉನ್ಮಾದ ಅಂದರೆ ಮೇನಿಯಾದ ಲಕ್ಷಣವೂ ಆಗಿರಬಹುದು. ತೀವ್ರ ಖಿನ್ನತೆಯಲ್ಲೂ ದೇಹ ಕೆಟ್ಟುಹೋಗುತ್ತಿದೆ, ಬದಲಾಗುತ್ತಿದೆ ಎಂಬ ನಂಬಿಕೆ ಬರುತ್ತದೆ.

ತಾನು ಪ್ರಾಣಿಯಾಗುತ್ತಿದ್ದೇನೆ ಎಂಬ ನಂಬಿಕೆ ವೈದ್ಯಕೀಯಕ್ಕೆ ಹೊಸದಲ್ಲ. ನೆದರ್‌ಲ್ಯಾಂಡ್ಸ್‌ನ ಮನೋವೈದ್ಯ ಯಾನ್ ಡಿರ್ಕ್ ಬ್ಲೋಮ್ 1850ರಿಂದ ಪ್ರಕಟವಾದ ವರದಿಗಳನ್ನು ಹುಡುಕಿದಾಗ ಇಂಥ 56 ಪ್ರಕರಣ ಸಿಕ್ಕವು. ತೋಳ ಆಗುತ್ತಿದ್ದೇನೆ ಎಂದವರು ಅವರಲ್ಲಿ 13 ಜನ. ಉಳಿದವರು ನಾಯಿ, ಹಾವು ಮುಂತಾದ ಬೇರೆ ಬೇರೆ ಪ್ರಾಣಿಗಳನ್ನು ಹೇಳಿದ್ದರು. ಎಲ್ಲರಿಗೂ ಒಂದೇ ಕಾಯಿಲೆ ಇರಲಿಲ್ಲ. ಆದ್ದರಿಂದ ಒಂದೇ ಚಿಕಿತ್ಸೆಯೂ ಇಲ್ಲ. ಹಿಂದಿರುವ ಕಾರಣಕ್ಕೆ ಚಿಕಿತ್ಸೆ ಕೊಡಬೇಕು. ಇಲ್ಲೊಂದು ವ್ಯತ್ಯಾಸ ಹೇಳಿಬಿಡುತ್ತೇನೆ. ಮನಸ್ಸಿನೊಳಗೆ ತಮಗೂ ಒಂದು ಪ್ರಾಣಿಗೂ ಆಳವಾದ ನಂಟಿದೆ ಎಂದು ಭಾವಿಸುವವರು ಇದ್ದಾರೆ. ತಮ್ಮ ಮೈ ಮನುಷ್ಯರದ್ದೇ ಎಂದು ಅವರಿಗೆ ಚೆನ್ನಾಗಿ ಗೊತ್ತು. ಅದು ಕಾಯಿಲೆಯಲ್ಲ. ಮೂಳೆ, ಹಲ್ಲು ನಿಜಕ್ಕೂ ಬದಲಾಗುತ್ತಿದೆ ಎಂಬ ನಂಬಿಕೆ ಬೇರೆ.

ನಿಮ್ಮ ಪತ್ರದಲ್ಲಿ ನನಗೆ ಧೈರ್ಯ ಕೊಟ್ಟ ಸಂಗತಿ ಒಂದಿದೆ. ಖಾತ್ರಿ ಪೂರ್ತಿಯಾಗಿಲ್ಲ. ಇನ್ನೂ ಕೇಳುತ್ತಿದ್ದೀರಿ. ಸಂಶಯಕ್ಕೆ ಜಾಗ ಇರುವಾಗಲೇ ಸಹಾಯ ಪಡೆದರೆ ಚೇತರಿಕೆ ಬೇಗ, ಔಷಧಿ ಬೇಕಾದರೂ ಕಡಿಮೆ ಪ್ರಮಾಣದಲ್ಲಿ ಸಾಕಾಗಬಹುದು. ತಡವಾದಷ್ಟೂ ಕಷ್ಟ ಎಂಬುದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಹಾಗಾಗಿ ಕಣ್ಣಿನ ವೈದ್ಯರು, ರಕ್ತಪರೀಕ್ಷೆ, ಮನೋವೈದ್ಯರು ಈ ಮೂರೂ ಇದೇ ವಾರ ಆಗಲಿ. ಕಣ್ಣಿನ ವರದಿ ಸರಿಯಾಗಿ ಬಂದ ಮೇಲೆ ಮನೋವೈದ್ಯರ ಬಳಿ ಹೋಗೋಣ ಎಂದು ಕಾಯಬೇಡಿ.

ಅಲ್ಲಿಯವರೆಗೆ ಮೊದಲ ಕೆಲಸ ನಿದ್ದೆ. ದಿನವೂ ಒಂದೇ ಹೊತ್ತಿಗೆ ಏಳಿ. ಎದ್ದ ಕೂಡಲೇ ಪರದೆಯನ್ನು ಸ್ವಲ್ಪ ಸರಿಸಿ, ದಿನ ದಿನಕ್ಕೆ ಇನ್ನಷ್ಟು. ಸೂರ್ಯನನ್ನು ನೇರ ನೋಡಿ ಕಣ್ಣು ಪಳಗಿಸುವ ಸಾಹಸ ಬೇಡ, ರೆಟಿನಾ ಸುಟ್ಟುಹೋಗುತ್ತದೆ. ಮಧ್ಯಾಹ್ನದ ಮೇಲೆ ಕಾಫಿ ಬಿಡಿ. ಅಮಲು ಪದಾರ್ಥ ಪೂರ್ತಿ ಬಿಡಿ. ಕಾಣುತ್ತದೆ ಎಂಬ ಧೈರ್ಯದಲ್ಲಿ ರಾತ್ರಿ ದೀಪವಿಲ್ಲದೆ ವಾಹನ ಓಡಿಸಬೇಡಿ. ನಿದ್ದೆ ಸರಿಯಾಗುವವರೆಗೆ ಓಡಿಸದಿದ್ದರೆ ಇನ್ನೂ ಒಳ್ಳೆಯದು. ನಿಮ್ಮಂಥದ್ದೇ ಅನುಭವ ಬರೆಯುವವರ ಬರಹಗಳನ್ನು ಹುಡುಕಿ ಓದುವುದನ್ನು ಸದ್ಯಕ್ಕೆ ನಿಲ್ಲಿಸಿ. ಅವರು ಕೆಟ್ಟವರೆಂದಲ್ಲ. ಅವರೂ ನಿದ್ದೆಗೆಟ್ಟು ಹೆದರಿರುವವರೇ ಇರಬಹುದು, ಅಷ್ಟೆ.

ಕೆಲವು ಲಕ್ಷಣ ಕಂಡರೆ ವಾರ ಕಾಯುವುದೂ ಬೇಡ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇಲ್ಲದವರ ಧ್ವನಿ ಕೇಳಿ ಏನಾದರೂ ಮಾಡು ಎಂದು ಹೇಳುತ್ತಿದ್ದರೆ, ಮೈಯನ್ನು ಕೊಯ್ದು ಒಳಗೆ ನೋಡಬೇಕು ಅನಿಸಿದರೆ, ಸಾಯುವ ಯೋಚನೆ ಬಂದರೆ, ಬೇರೆಯವರಿಗೆ ನನ್ನಿಂದ ಅಪಾಯ ಅಥವಾ ಅವರಿಂದ ನನಗೆ ಅಪಾಯ ಅನಿಸತೊಡಗಿದರೆ ತಡ ಮಾಡಬೇಡಿ. ಹಾಗೆಯೇ ಜ್ವರದ ಜೊತೆ ಗೊಂದಲ, ಮೂರ್ಛೆ, ತಟ್ಟನೆ ನೋಟ ಹೋಗುವುದು, ಕಣ್ಣಲ್ಲಿ ಮಿಂಚು ಬಂದು ಪರದೆ ಇಳಿದಂತಾಗುವುದು, ತೀವ್ರ ತಲೆನೋವು.

ಮನೆಯವರಿಗೆ ಹೇಗೆ ಹೇಳುವುದು ಎಂಬುದೇ ದೊಡ್ಡ ಅಡ್ಡಿ ಇರಬೇಕು. ಎಲ್ಲವನ್ನೂ ಹೇಳಬೇಕಿಲ್ಲ. ನಿಮ್ಮನ್ನು ಕೇಳಿಸಿಕೊಳ್ಳುವವರು ಒಬ್ಬರನ್ನು ಆರಿಸಿಕೊಳ್ಳಿ, ಅಮ್ಮನೋ ಅಕ್ಕನೋ ಗೆಳೆಯರೋ. "ತಿಂಗಳುಗಳಿಂದ ನಿದ್ದೆ ಬರುತ್ತಿಲ್ಲ, ಕಣ್ಣು ಸರಿಯಿಲ್ಲ, ಮೈ ಬದಲಾಗುತ್ತಿದೆ ಎಂಬ ಭಯ ಬಿಡುತ್ತಿಲ್ಲ, ವೈದ್ಯರ ಬಳಿ ನನ್ನ ಜೊತೆ ಬರುತ್ತೀರಾ" ಎಂದು ಕೇಳಿದರೆ ಸಾಕು. ಅವರಿಗೆ ಈ ಉತ್ತರವನ್ನೂ ತೋರಿಸಬಹುದು. ಅವರಿಗೆ ನನ್ನದೊಂದು ಮಾತು: ವಾದ ಮಾಡಬೇಡಿ, ನಗಬೇಡಿ. ಹೌದು ನೀನು ಬದಲಾಗಿದ್ದೀಯ ಎಂದು ತಲೆಯಾಡಿಸಲೂ ಬೇಡಿ. "ನಿನಗೆ ಎಷ್ಟು ಭಯವಾಗಿದೆ ಎಂದು ಗೊತ್ತಾಗುತ್ತಿದೆ, ಇವತ್ತು ರಾತ್ರಿ ನಾನು ಇಲ್ಲೇ ಇರುತ್ತೇನೆ" ಎಂದು ಹೇಳಿ, ಅಪಾಯಿಂಟ್‌ಮೆಂಟ್ ನೀವೇ ತೆಗೆದುಕೊಳ್ಳಿ.

ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಯಾವಾಗ ಶುರುವಾಯಿತು, ಯಾವುದು ಮೊದಲು, ನಿದ್ದೆ ಎಷ್ಟು, ಯಾವ ಮಾತ್ರೆ, ತಲೆನೋವು ಇದೆಯೇ, ಕುಟುಂಬದಲ್ಲಿ ಯಾರಿಗಾದರೂ ಇಂಥದ್ದು ಆಗಿತ್ತೇ. ಎದುರು ಕೂತಾಗ ಮಾತು ಹೊರಡದಿದ್ದರೆ ಹಾಳೆಯನ್ನೇ ಕೊಟ್ಟುಬಿಡಿ. ಮೊದಲ ವೈದ್ಯರು ಆತುರದಲ್ಲಿ ಏನೂ ಇಲ್ಲ ಹೋಗು ಎಂದುಬಿಟ್ಟರೆ ಇನ್ನೊಬ್ಬರ ಬಳಿ ಹೋಗಿ. ಪರೀಕ್ಷೆಗಳು ಮುಗಿದ ಮೇಲೆ ಮತ್ತೆ ನನಗೆ ಬರೆಯಿರಿ, ವರದಿಯಲ್ಲಿ ಅರ್ಥವಾಗದ್ದು ಇದ್ದರೆ ಕೂತು ಬಿಡಿಸಿ ಹೇಳುತ್ತೇನೆ.